ಸೀಮೆಸುಣ್ಣದಲ್ಲಿ ಕ್ಯಾಪ್ಟನ್ ರಾಬ್ಸನ್

1979ರ ಬೇಸಿಗೆ, ಬೆಳಗಿನ ಐದೂವರೆ. ಟೈನ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸೌತ್ ಶೀಲ್ಡ್ಸ್ ಜೆಟ್ಟಿಗೆ ಕಟ್ಟಿದ, ಜನರನ್ನು ನದಿ ದಾಟಿಸುವ 'ಕಿಟ್ಟಿವೇಕ್' ಫೆರಿಯೊಳಗೆ ಮ್ಯಾಟಿ ಹೆಸ್ಲಪ್ ಕೋಟಿನ ಜೇಬಿನಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆಯುತ್ತಾರೆ. ಪ್ರಯಾಣಿಕರ ಕೋಣೆಯ ಗೋಡೆಗೆ ಹಳೆಯ ಹಲಗೆಯೊಂದಿದೆ. 1936ರಿಂದ ಈ ಹಡಗು ನಡೆಸಿದ ಕ್ಯಾಪ್ಟನ್‌ಗಳ ಹೆಸರೆಲ್ಲ ಅದರ ಮೇಲೆ ಬಿಳಿ ಬಣ್ಣದಲ್ಲಿವೆ. 1940ರ ಎದುರಿಗೆ ಮಾತ್ರ ನೌಕಾಪಡೆಯ ಒಬ್ಬ ಲೆಫ್ಟಿನೆಂಟ್ ಹೆಸರು. ಅದರ ಕೆಳಗಿನ ಸಂದಿಯಲ್ಲಿ ಮ್ಯಾಟಿ ನಿಧಾನವಾಗಿ ಬರೆಯುತ್ತಾರೆ: ಸೆಪ್ ರಾಬ್ಸನ್.

ಸಂಜೆ ಕಸ ಗುಡಿಸಲು ಬರುವ ನೆಲ್ ಪ್ರೌಡ್‌ಲಾಕ್ ಒದ್ದೆ ಬಟ್ಟೆಯಿಂದ ಆ ಹೆಸರನ್ನು ಒರೆಸಿ ಹಾಕುತ್ತಾರೆ. ಇಪ್ಪತ್ತೊಂದು ವರ್ಷದಿಂದ ಇದೇ ನಡೆದಿದೆ. ನೆಲ್ ಬೇರೆ ಯಾರೂ ಅಲ್ಲ, ಸೆಪ್ ರಾಬ್ಸನ್ನರ ಮಗಳು. ಸ್ವಂತ ಅಪ್ಪನ ಹೆಸರನ್ನು ಯಾಕಮ್ಮಾ ಅಳಿಸುತ್ತೀರಿ ಎಂದರೆ ಪೊರಕೆ ನಿಲ್ಲಿಸಿ ಮುಖಕ್ಕೆ ಹೊಡೆದಂತೆ ಹೇಳುತ್ತಾರೆ: "ಬಾಕಿಯೋರಿಗೆಲ್ಲ ಬಣ್ಣ, ನಮ್ಮಪ್ಪನಿಗೆ ಸೀಮೆಸುಣ್ಣನಾ? ಆ ಮರ್ಯಾದೆ ನಮಗೆ ಬೇಡ."

ಮ್ಯಾಟಿಗೆ ಅರವತ್ತಮೂರು. ಅವರದು ಕೀಲಿನ ಕೆಲಸ. ಕಿಟ್ಟಿವೇಕ್ ಯಾವತ್ತೂ ತಿರುಗುವುದಿಲ್ಲ. ಎರಡು ತುದಿಗೂ ಒಂದೊಂದು ಚುಕ್ಕಾಣಿ. ಹೋಗುವಾಗ ಯಾವುದು ಮುಂದೋ ಬರುವಾಗ ಅದೇ ಹಿಂದು. ಮುಂದಿನ ಚುಕ್ಕಾಣಿ ಅಲುಗದಂತೆ ಕಬ್ಬಿಣದ ಕೀಲು ತೂರಿಸಿ ಬಿಗಿಯಬೇಕು. ಕೀಲು ಇರುವುದು ಒಂದೇ, ತೂಕ ಒಂಬತ್ತು ಕಿಲೋ. ದಡ ಮುಟ್ಟಿದೊಡನೆ ಅದನ್ನು ಕಿತ್ತು, ಹೆಗಲ ಮೇಲಿಟ್ಟು, ಜನರ ನಡುವೆ ನಲವತ್ತು ಹೆಜ್ಜೆ ನಡೆದು ಆಚೆ ತುದಿಗೆ ತೂರಿಸಿ, ಗಂಟೆಯನ್ನು ಎರಡು ಸಲ ಬಾರಿಸಿದರೆ ಹಡಗು ಸಿದ್ಧ ಎಂದರ್ಥ. ದಿನಕ್ಕೆ ನಲವತ್ತನಾಲ್ಕು ದಾಟು, ನಲವತ್ತನಾಲ್ಕು ಸಲ ಕೀಲು. ಬಲ ಹೆಗಲು ಎಡಕ್ಕಿಂತ ಒಂದು ಬೆರಳು ಕೆಳಗಿಳಿದಿದೆ.

"ಯೋಚ್ನೆ ಮಾಡಿ ಮಾಡೋ ಕೆಲಸ ಅಲ್ಲ ಇದು," ಎನ್ನುತ್ತಾರೆ ಮ್ಯಾಟಿ, ಹಂದಿಮಾಂಸ ತುಂಬಿದ ದಪ್ಪ ಬನ್ನನ್ನು ಕಚ್ಚುತ್ತ. "ದಡ ತಾಗಿದ್ ಸದ್ದೋ, ಹತ್ತಿಳಿಯೋ ಹಲಗೆ ಎತ್ತಿದ್ ಸದ್ದೋ ಕೇಳಿದ್ರೆ ಸಾಕು, ಕೈ ತಾನೇ ಹೋಗುತ್ತೆ. ಅದೇ ನೋಡಿ ಆವತ್ತು ನಮ್ಮನ್ನ ಕೆಡಿಸಿದ್ದು."

ಆವತ್ತು ಎಂದರೆ 1940ರ ಬೇಸಿಗೆ. ಯುದ್ಧಕ್ಕೆಂದು ನೌಕಾಪಡೆ ಕಿಟ್ಟಿವೇಕನ್ನು ಎತ್ತಿಕೊಂಡಿತ್ತು. ಹೆಸರು ಅಳಿಸಿ ಬೂದು ಬಣ್ಣ ಬಳಿದು ಒಂದು ನಂಬರು ಕೊಟ್ಟರು. ಮೇಲೊಬ್ಬ ಲೆಫ್ಟಿನೆಂಟನನ್ನು ಕೂರಿಸಿದರು. ಆದರೆ ಎರಡು ತುದಿಯ ಹಡಗನ್ನು ನಡೆಸಲು ನೌಕಾಪಡೆಯವರಿಗೆ ಬಾರದು. ಹಾಗಾಗಿ ಕ್ಯಾಪ್ಟನ್ ರಾಬ್ಸನ್, ಇಪ್ಪತ್ತನಾಲ್ಕರ ಮ್ಯಾಟಿ, ಕಲ್ಲಿದ್ದಲು ಹಾಕುವ ಮೂವರು, ಎಲ್ಲ ಹಳಬರೇ ಉಳಿದರು. ನದಿ ಬಿಟ್ಟು ಆಚೆ ಹೋಗದ ಹಡಗು ಕಡಲು ದಾಟಿ ಫ್ರಾನ್ಸಿನ ದಡದ ಮರಳಿಗೆ ಮೂತಿ ತಾಗಿಸಿತು. ಶತ್ರುಸೇನೆ ಸುತ್ತುವರಿದಿದ್ದ ಸೈನಿಕರು ಕುತ್ತಿಗೆಮಟ್ಟದ ನೀರಿನಲ್ಲಿ ನಡೆದು ಬಂದು ಹತ್ತಿದರು.

"ಲೆಫ್ಟಿನೆಂಟ್ ದಡಕ್ಕಿಳಿದ್ರು. ನಾನು ಬರೋ ತನಕ ಅಲ್ಲಾಡಬೇಡಿ ಅಂದ್ರು. ಜನ ತುಂಬಿ, ಹತ್ತೋ ಹಲಗೆ ಮೇಲೆತ್ತಿದ್ ಸದ್ದಾಯ್ತು. ನಾನು ಕೀಲು ಕಿತ್ತೆ, ಹೊತ್ಕೊಂಡು ಹೋದೆ, ತೂರಿಸ್ದೆ, ಗಂಟೆ ಎರಡು ಸಲ ಬಾರಿಸ್ದೆ. ಶೀಲ್ಡ್ಸ್‌ನಲ್ಲಿ ಮಾಡ್ದಂಗೆ. ಕ್ಯಾಪ್ಟನ್‌ಗೂ ಅದೇ ಅಭ್ಯಾಸ ಅಲ್ವಾ? ಗಂಟೆ ಕೇಳಿದ್ರು, ಹೊರಟ್ರು. ನಡುನೀರಿಗೆ ಬಂದ್ಮೇಲೇ ನಮಗೆ ಎಚ್ಚರ ಆಗಿದ್ದು."

ಇನ್ನೂರ ಎಂಬತ್ತು ಜನರೊಡನೆ ಕಿಟ್ಟಿವೇಕ್ ಮರಳಿತು. ಲೆಫ್ಟಿನೆಂಟ್ ಮಾತ್ರ ಮರಳಿನ ಮೇಲೆ ನಿಂತಿದ್ದ, ಅವನ ಹಿಂದೆ ಸೈನಿಕರ ಸಾಲು. ಅವನು ಸಂಜೆ ಬೇರೊಂದು ದೋಣಿ ಹಿಡಿದು ಬಂದು ದೂರು ಕೊಟ್ಟ. ನೀವು ಬಿಟ್ಟ ಜಾಗಕ್ಕೇ ಬಾಂಬು ಬಿತ್ತಂತೆ, ಒಳ್ಳೆಯದೇ ಆಯಿತು ಎಂದು ಆಮೇಲೆ ಜನ ಸಮಾಧಾನ ಹೇಳಿದ್ದುಂಟು. ಮ್ಯಾಟಿ ಒಪ್ಪುವುದಿಲ್ಲ. "ನಾನು ಕಂಡಿಲ್ಲ. ಆ ಸಾಲಲ್ಲಿದ್ದೋರಿಗೆಲ್ಲ ಬೇರೆ ದೋಣಿ ಸಿಕ್ತೋ ಇಲ್ವೋ, ಅದೂ ನಂಗೊತ್ತಿಲ್ಲ."

ವಿಚಾರಣೆಯ ಹಿಂದಿನ ದಿನ ಕ್ಯಾಪ್ಟನ್ ಕರೆದು ಹೇಳಿದ್ದು ಒಂದೇ ಮಾತು: "ನಿನ್ನ ಹೆಂಡ್ತಿ ಬಸುರಿ. ಬಾಯಿ ಮುಚ್ಕೊಂಡಿರು." ಗಂಟೆಯ ಮಾತೇ ಎತ್ತದೆ ತಪ್ಪನ್ನೆಲ್ಲ ಅವರು ತಲೆಯ ಮೇಲೆ ಹಾಕಿಕೊಂಡರು. ಮತ್ತೆಂದೂ ಚುಕ್ಕಾಣಿ ಅವರ ಕೈಗೆ ಬರಲಿಲ್ಲ. ಸಾಯುವ ತನಕ, ಹನ್ನೊಂದು ವರ್ಷ, ಇದೇ ಜೆಟ್ಟಿಯ ಬಾಗಿಲಲ್ಲಿ ಟಿಕೆಟ್ ಹರಿದರು. 'ಹೆದರಿ ಓಡಿಬಂದ ಸೆಪ್' ಎಂದು ಹೆಂಡದಂಗಡಿಯಲ್ಲಿ ಆಡಿಕೊಂಡವರಿಗೂ ಟಿಕೆಟ್ ಹರಿದರು. ಯುದ್ಧದ ನಂತರ ಹಲಗೆ ಬರೆಸಿದಾಗ ಅವರ ಹೆಸರು ಬಿಟ್ಟುಹೋಯಿತು.

ಈ ಸೆಪ್ಟೆಂಬರಿಗೆ ಕಿಟ್ಟಿವೇಕ್ ಗುಜರಿಗೆ ಹೋಗುತ್ತದೆ. ಜೆಟ್ಟಿಯ ಹೊಸ ಕಟ್ಟಡಕ್ಕೆ ಹೊಸ ಹಲಗೆ ಬರುತ್ತದೆ. ಹಳೆಯದರಲ್ಲಿ ಇರುವುದನ್ನೇ ಅದರಲ್ಲಿ ನಕಲು ಮಾಡುತ್ತಾರೆ. ಈ ಸಲ ತಪ್ಪಿದರೆ ಆ ಹೆಸರಿಗೆ ಇನ್ನು ಜಾಗವಿಲ್ಲ. ಮೂವತ್ತೊಂಬತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಮ್ಯಾಟಿ ಕಳೆದ ವಾರ ಮೊದಲು ನೆಲ್‌ಗೆ ಹೇಳಿದರು. ಅವರು ಕೈಯಲ್ಲಿದ್ದ ಟೀ ಕಪ್ಪನ್ನು ಕೆಳಗಿಟ್ಟರಂತೆ.

"ಇಷ್ಟು ವರ್ಷ ನನ್ ಕೈಲಿ ಟೀ ಇಸ್ಕೊಂಡು ಕುಡಿದ್ಯಲ್ಲೋ!"

"ಕುಡಿದೆ, ನೆಲ್."

"ನಮ್ಮಮ್ಮ ತಲೆ ಬಗ್ಗಿಸ್ಕೊಂಡೇ ಸತ್ಲು. ನಂಗ್ಯಾಕೋ ಹೇಳ್ತಿದ್ದೀಯ ಈಗ? ನಾನೇನು ಹಲಗೆ ಬರೀತೀನಾ? ಹೋಗು, ಆಫೀಸಲ್ಲಿ ಹೇಳು."

ಮೂರು ದಿನ ನೆಲ್ ಟೀ ಕೊಡಲಿಲ್ಲ.

ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಮ್ಯಾಟಿ ಟೈ ಕಟ್ಟಿಕೊಂಡು ಫೆರಿ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಜೇಬಿನಲ್ಲಿ ಎರಡು ಪುಟದ ಹೇಳಿಕೆ. ಮ್ಯಾನೇಜರ್ ಓದಿ ಕನ್ನಡಕ ತೆಗೆಯುತ್ತಾರೆ. "ಮ್ಯಾಟಿ, ಬರೋ ತಿಂಗಳು ನಿನಗೆ ಬೀಳ್ಕೊಡುಗೆ. ಸೇವಾ ಪದಕಕ್ಕೆ ನಿನ್ನ ಹೆಸರು ಕಳಿಸಿದ್ದೀನಿ. ಇದು ಫೈಲಿಗೆ ಹೋದ್ರೆ ಆ ಪದಕ ಬರಲ್ಲ ಕಣಯ್ಯ. ಹಳೇ ಕಥೆ, ಬಿಡು."

"ಬಿಡಲ್ಲ ಸಾರ್. ಸಹಿ ಎಲ್ಲಿ ಹಾಕ್ಲಿ?"

ಸಹಿ ದುಂಡಗೆ ಬರುತ್ತದೆ. ಹೆಸರಿನ ಮಾತು ಸಮಿತಿ ತೀರ್ಮಾನಿಸಬೇಕು, ಸೋಮವಾರ ತಿಳಿಸುತ್ತೇವೆ ಎನ್ನುತ್ತಾರೆ ಮ್ಯಾನೇಜರ್. ಇಲ್ಲವೆಂದರೆ ಮಂಗಳವಾರ ಮತ್ತೆ ಬರುತ್ತೇನೆ ಎಂದು ಹೇಳಿ ಮ್ಯಾಟಿ ಕೆಳಗಿಳಿಯುತ್ತಾರೆ. ಒಂದೂವರೆಯ ದಾಟಿಗೆ ಕೀಲು ಕಾಯುತ್ತಿದೆ.

ಪದಕ ಹೋಯಿತಲ್ಲ ಎಂದರೆ ನಗುತ್ತಾರೆ. "ಅದನ್ನ ಹಾಕ್ಕೊಂಡು ನೆಲ್ ಮುಂದೆ ನಿಲ್ಲೋಕಾಗ್ತಿತ್ತಾ? ನನ್ನದೊಂದೇ ಆಸೆ. ಕೊನೇ ದಾಟಿನ ಗಂಟೆ ಅವಳು ಬಾರಿಸ್ಬೇಕು. ಕೀಲು ನಾನ್ ಹಾಕ್ಕೊಡ್ತೀನಿ."

ಸಂಜೆ ಆರಕ್ಕೆ ನೆಲ್ ಬಕೆಟ್ಟು ಹಿಡಿದು ಬರುತ್ತಾರೆ. ಸಹಿಯ ಸುದ್ದಿ ಅವರ ಕಿವಿಗೂ ಬಿದ್ದಿದೆ. ಬೆಂಚು, ಕಿಟಕಿ, ನೆಲ ಎಲ್ಲ ಮುಗಿಸಿ ಹಲಗೆಯ ಮುಂದೆ ನಿಲ್ಲುತ್ತಾರೆ. ಮೊದಲ ಹೆಸರಿನಿಂದ ಒರೆಸುತ್ತ ಬಂದ ಕೈ ಲೆಫ್ಟಿನೆಂಟನ ಹೆಸರು ದಾಟಿ ನಿಲ್ಲುತ್ತದೆ. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಬಾಗಿಲಲ್ಲಿ ನಿಂತ ಮ್ಯಾಟಿಯತ್ತ ತಿರುಗಿ ನೋಡದೆ ಹೇಳುತ್ತಾರೆ:

"ನಾಳೆ ಸೀಮೆಸುಣ್ಣ ತರ್ಬೇಡ ಕಣೋ ಮ್ಯಾಟಿ. ಬಣ್ಣ ಬರೋ ತನಕ ಇದು ಇಲ್ಲೇ ಇರುತ್ತೆ."