ಸೂಟಿಯಲ್ಲಿ ಓದಬೇಕಿದ್ದ ಪುಸ್ತಕ

ಕಾಗವಾಡದ ಬಸದಿಯಲ್ಲಿ ಜಿನಮತಿ ಶಾಸ್ತ್ರ ಓದಲು ಕುಳಿತಳೆಂದರೆ ಹೆಂಗಸರ ಗುಸುಗುಸು ತಾನಾಗಿ ನಿಲ್ಲುತ್ತಿತ್ತು. ಸೋದರಮಾವನ ಮನೆಯಲ್ಲಿದ್ದು ಸಾಂಗಲಿಯಲ್ಲಿ ಮೆಟ್ರಿಕ್ ಮುಗಿಸಿದ ಸೊಸೆ. ಕನ್ನಡವಿರಲಿ ಮರಾಠಿಯಿರಲಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓದುತ್ತಿದ್ದಳು. “ನಮ್ಮ ಜಿನಮತಿಗೆ ಬರಲಾರದ ಪುಸ್ತಕ ಇನ್ನೂ ಅಚ್ಚ ಆಗಿಲ್ಲ ಬಿಡ್ರಿ” ಎಂದು ಓಣಿಯ ಹಿರಿಯಳು ಕಾಶಿಬಾಯಿ ಎಲ್ಲರೆದುರು ಸಾರಿದ್ದಳು. ಹೊಗಳಿಕೆ ಯಾರಿಗೆ ಬೇಡ? ಜಿನಮತಿ ಆ ಮಾತನ್ನು ನಂಬಿಬಿಟ್ಟಳು.

ಗಂಡ ಜಯಪಾಲನಿಗೂ ಅಕ್ಷರಕ್ಕೂ ಅಷ್ಟಕ್ಕಷ್ಟೆ. ನಾಲ್ಕನೆಯ ಇಯತ್ತೆಗೇ ಶಾಲೆಗೆ ಶರಣು ಹೇಳಿ, ಮಿರಜಿನಲ್ಲಿ ರೇಡಿಯೋ ರಿಪೇರಿ ಕಲಿತು ಬಂದು, ಬಸ್ ಸ್ಟ್ಯಾಂಡಿನ ಎದುರು ಪುಟ್ಟ ಅಂಗಡಿ ಇಟ್ಟಿದ್ದ. ಮಾತು ಕಡಿಮೆ. ಕೆಟ್ಟ ಟಿವಿಯ ಮುಂದೆ ಕೂತರೆ ಮಾತ್ರ ಅದರೊಡನೆ ಮಗುವನ್ನು ರಮಿಸುವಂತೆ ಮಾತಾಡುತ್ತಿದ್ದ.

ತೊಂಬತ್ತೊಂದನೆಯ ಇಸವಿಯ ಮಾತು. ಹತ್ತಿರದ ಸಕ್ಕರೆ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಬಂದಿತ್ತು. ಮಳೆಗಾಲದ ಒಂದು ದಿನ ಅದರ ಪರದೆ ಕಪ್ಪಾಯಿತು. ಪುಣೆಯಿಂದ ಜನ ಬರುವುದು ತಡವೆಂದು ಯಾರೋ ಜಯಪಾಲನನ್ನು ಕರೆದೊಯ್ದರು. ಇವನು ಅದನ್ನು ಟಿವಿಯೆಂದೇ ತಿಳಿದು ಬಿಚ್ಚಿದ, ಬೆಸುಗೆ ಹಾಕಿದ, ಪರದೆ ಬೆಳಗಿತು. ಅಲ್ಲಿದ್ದ ಇಂಜಿನಿಯರ್ ರಾಜಾರಾಮ ಸಾಹೇಬರು ಖುಷಿಯಾದರು. ಕಬ್ಬಿನ ಹಂಗಾಮಿಗೆ ಇನ್ನಷ್ಟು ಮಶೀನು ಬರಲಿವೆ, ನೋಡಿಕೊಳ್ಳಲು ಊರ ಕಡೆಯವನೇ ಒಬ್ಬ ಬೇಕು, ಪರ್ಮನೆಂಟ್ ನೌಕರಿ ಎಂದರು. ನೀಲಿ ರಟ್ಟಿನ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಕೈಗಿಟ್ಟರು.

“ಪರ್ವಕ್ಕ ಅಂಗಡಿ ಸೂಟಿ ಅಂದ್ರಲ್ಲಾ, ಸೂಟ್ಯಾಗ ಇದನ್ನ ಓದ್ರಿ. ಮಶೀನಿನ ಹೊಟ್ಟಿ ಒಳಗಿಂದೆಲ್ಲಾ ಇದರಾಗ ಐತಿ. ಪರ್ವ ಮುಗದ ಮ್ಯಾಲೆ ಬರ್ರಿ, ನಾಕ ಪ್ರಶ್ನೆ ಕೇಳತೀನಿ, ಅಷ್ಟ.”

ಭಾದ್ರಪದದ ದಶಲಕ್ಷಣ ಪರ್ವಕ್ಕೆ ಅಂಗಡಿ ಮುಚ್ಚುವುದು ಅಪ್ಪನ ಕಾಲದಿಂದ ಬಂದ ರೂಢಿ. ಜಯಪಾಲ ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಬಂದ. “ನೀ ಓದಿ ಅರ್ಥಾ ಹೇಳ ಬೇ. ನಾ ತಲ್ಯಾಗ ಇಟಗೋತೀನಿ” ಎಂದ. ಅಷ್ಟು ಆಸೆಯಿಂದ ಅವನು ಏನನ್ನೂ ಕೇಳಿದ್ದಿಲ್ಲ. ಅವಳೂ ನಕ್ಕು, “ಅದೇನ ದೊಡ್ಡದ್ರಿ” ಎಂದಳು.

ಮರುದಿನ, ಪರ್ವದ ಮೊದಲ ಮುಂಜಾನೆ, ಅವನು ಬಸದಿಗೆ ಹೋದ ಮೇಲೆ ಪುಸ್ತಕ ತೆರೆದಳು. ಅಕ್ಷರ ಗೊತ್ತು, ಪದ ಗೊತ್ತಿಲ್ಲ. ಪದ ಗೊತ್ತಾದಲ್ಲಿ ಸಾಲು ಗೊತ್ತಾಗಲಿಲ್ಲ. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗಾಯಿತು. ಮೊದಲ ಪುಟವನ್ನೇ ದಾಟಲಾಗಲಿಲ್ಲ. ಎರಡು ಮನೆ ಆಚೆ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ ಶಾಂತಿನಾಥ ಇದ್ದರು. “ನನಗ ಇದು ಬರಂಗಿಲ್ಲ, ಮಾಸ್ತರ ಕಡೆ ಒಯ್ಯಿರಿ” ಎಂದಿದ್ದರೆ ಮುಗಿದಿತ್ತು. ಗಂಡ ಬಸದಿಯಿಂದ ಬಂದಾಗ ಆ ಒಂದು ಮಾತು ಹೊರಡಲಿಲ್ಲ. ಹೊರಟದ್ದು ಬೇರೆ.

“ಪರ್ವದಾಗ ಶಾಸ್ತ್ರ ಬಿಟ್ಟು ಮಶೀನಿನ ಪುಸ್ತಕ ಓದೂದೇನ್ರಿ? ಈ ಮನ್ಯಾಗ ಅದನ್ನ ಯಾರೂ ಬಿಚ್ಚೂದ ಬ್ಯಾಡ.”

ತನ್ನ ಸೋಲಿಗೆ ಧರ್ಮದ ಸೆರಗು ಹೊದಿಸಿದಳು ಮಹಾರಾಯ್ತಿ! ಜಯಪಾಲ ಒಂದು ಗಳಿಗೆ ಅವಳ ಮುಖ ನೋಡಿದ. “ಹೂಂ, ಅದೂ ಖರೇನ” ಎಂದು ಪುಸ್ತಕಕ್ಕೆ ಬಟ್ಟೆ ಸುತ್ತಿ ಜಂತಿಯ ಹಲಗೆಯ ಮೇಲಿಟ್ಟ. ಮಾಸ್ತರರ ಕಡೆಗೂ ಒಯ್ಯಲಿಲ್ಲ. ಪರ್ವ ಮುಗಿದ ಮೇಲೆ ಸಾಹೇಬರಿಗೆ ಹಿಂತಿರುಗಿಸಿ, “ಓದಾಕ ಆಗಲಿಲ್ಲ್ರಿ” ಎಂದು ಹೇಳಿ ಬಂದ. ನೌಕರಿ ಸಾಂಗಲಿ ಕಡೆಯ ಯಾರಿಗೋ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲಿನ ವರ್ಷಗಳು ರಿಪೇರಿಯವರಿಗೆ ಒಳ್ಳೆಯವಾಗಿರಲಿಲ್ಲ. ರೇಡಿಯೋ ಕೇಳುವವರು ಕಡಿಮೆಯಾದರು, ಟಿವಿ ಕೆಟ್ಟರೆ ಜನ ಕಂಪನಿಗೇ ಫೋನು ಮಾಡಿದರು. ಜಯಪಾಲ ಮಿಕ್ಸರು, ಇಸ್ತ್ರಿ ಪೆಟ್ಟಿಗೆ ಎಂದು ಸಿಕ್ಕಿದ್ದನ್ನು ಬಿಚ್ಚುತ್ತ ಕೂತ. ಕಾರ್ಖಾನೆಯ ಬಸ್ಸು ಅಂಗಡಿಯ ಮುಂದೆ ಹಾಯ್ದಾಗ ತಲೆ ಎತ್ತುತ್ತಿರಲಿಲ್ಲ. ಜಿನಮತಿಗೆ ಅದು ಕಾಣುತ್ತಿತ್ತು. ಆದರೆ ಮನುಷ್ಯರ ಬುದ್ಧಿ ನೋಡಿ, ತಪ್ಪು ತನ್ನದಾದಷ್ಟೂ ನಾಲಿಗೆ ಚುರುಕು. ಸಿಟ್ಟು ಬಂದಾಗಲೆಲ್ಲ, “ಮಾಸ್ತರ ಮನಿ ಎಷ್ಟ ದೂರ ಇತ್ತ್ರಿ? ಗಂಡಸಿಗೆ ಒಂದೀಟ ಧೈರ್ಯ ಇರಬೇಕಾಗತೈತಿ” ಎಂದು ಚುಚ್ಚುತ್ತಿದ್ದಳು. ಅವನು ಟೋಪಿ ಹಾಕಿಕೊಂಡು ಅಂಗಡಿಗೆ ನಡೆಯುತ್ತಿದ್ದ.

ಪರ್ವದ ಕೊನೆಗೆ ಕ್ಷಮಾವಳಿಯ ದಿನ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. “ಗೊತ್ತಿದ್ದೋ ಗೊತ್ತಿಲ್ಲದೋ ಮನಸ್ಸು ನೋಯಿಸಿದ್ರ ಕ್ಷಮಾ ಮಾಡ್ರಿ.” ಜಿನಮತಿ ಗಂಡನಿಗೂ ಪ್ರತಿ ವರ್ಷ ಅದನ್ನೇ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಎಲ್ಲ ತಪ್ಪನ್ನೂ ಹಿಡಿಯುವ ಮಾತು, ಯಾವ ತಪ್ಪಿನ ಹೆಸರನ್ನೂ ಕೇಳದ ಮಾತು. ಎಷ್ಟು ಅನುಕೂಲ!

ತೊಂಬತ್ತೆಂಟರಲ್ಲಿ ಅಂಗಡಿಯನ್ನು ಮುಚ್ಚಿಯೇ ಬಿಟ್ಟ ವರ್ಷ, ಆ ದಿನ ಬಸದಿಯಿಂದ ಬಂದು ಜಯಪಾಲ ಪಡಸಾಲೆಯಲ್ಲಿ ಕೂತ. ಅವಳು ಬಾಯಿ ತೆರೆಯುವ ಮೊದಲೇ ಕೈ ಮುಗಿದ.

“ಈ ವರ್ಷ ಮೊದಲ ನಾ ಕೇಳತೀನಿ. ಆ ನೀಲಿ ಪುಸ್ತಕ ತಂದು ನಿನ್ನ ಸಂಕಟಕ್ಕ ಹಾಕಿದೆ. ಕ್ಷಮಾ ಮಾಡ.”

“ಸಂಕಟ? ನನಗ್ಯಾಕ ಸಂಕಟ?” ಎಂದಳು.

“ಅವತ್ತ ಪೂಜಾದ ತಾಟ ಮರತು ತಿರುಗಿ ಬಂದಿದ್ದೆ. ಬಾಗಿಲದಾಗ ನಿಂತಿದ್ದೆ. ನೀ ಒಂದ ಸಾಲಿನ ಮ್ಯಾಲೆ ಬೆರಳ ಇಟಗೊಂಡ ಮತ್ತ ಮತ್ತ ಓದಾಕತ್ತಿದ್ದಿ. ಕಣ್ಣಾಗ ನೀರ ಬಂದಿತ್ತ ನಿನಗ.”

ಜಿನಮತಿ ಅಲ್ಲೇ ಕೂತಳು. ಇಷ್ಟು ವರ್ಷ ಇವನಿಗೆ ಎಲ್ಲ ಗೊತ್ತಿತ್ತು. ಹಾಗಾದರೆ ತಾನು ಚುಚ್ಚಿದಾಗಲೆಲ್ಲ?

“ಮತ್ತ... ಮಾಸ್ತರ ಕಡೆ ಯಾಕ ಒಯ್ಯಲಿಲ್ಲ್ರಿ?”

“ಹ್ಯಾಂಗ ಒಯ್ಯಲಿ? ಜಿನಮತಿಗೆ ಬರಲಿಲ್ಲಂತ ಸಂಜಿಗೆ ಓಣಿಗೆಲ್ಲಾ ಗೊತ್ತಾಗತಿತ್ತು. ಮರುದಿನ ನೀ ಬಸದ್ಯಾಗ ಓದಾಕ ಕೂಡಬೇಕಾಗಿತ್ತಲ್ಲ.”

ಅಷ್ಟು ಹೇಳಿ ಅವನು ಟೋಪಿ ತೆಗೆದು ಮೊಳೆಗೆ ಹಾಕಿದ. ನೌಕರಿಯ ಮಾತು ಎತ್ತಲಿಲ್ಲ. ಹೊರಗೆ ಓಣಿಯಲ್ಲಿ ಹೆಂಗಸರು ಮನೆಯಿಂದ ಮನೆಗೆ ಕ್ಷಮೆ ಕೇಳುತ್ತ ಬರುತ್ತಿದ್ದರು, ಎಲ್ಲರಿಗಿಂತ ಮುಂದೆ ಕಾಶಿಬಾಯಿಯ ದನಿ.

ಈಗ ಇವಳ ಸರದಿ. ಜಿನಮತಿ ಎದ್ದು ಬಂದು ಗಂಡನ ಮುಂದೆ ಕೈ ಮುಗಿದಳು.

“ಗೊತ್ತಿದ್ದೋ...” ಎಂದಳು.

ಊರೆಲ್ಲ ಹೊಗಳಿದ ಆ ನಾಲಿಗೆ ಅಲ್ಲೇ ನಿಂತಿತು. “ಗೊತ್ತಿಲ್ಲದೋ” ಎಂಬ ಮುಂದಿನ ಶಬ್ದವನ್ನು ಹೇಳಲು ಅವಳಿಂದಾಗಲಿಲ್ಲ.