ಹೋಲಿಕೆಗೆಂದು ಬಿಟ್ಟ ಸಾಲುಗಳು

ಕೊರೊನಾ ನಿರ್ಬಂಧಗಳೆಲ್ಲ ತೆರವಾದ ಮರುವರ್ಷ ನಾನು ದಾವಣಗೆರೆ ಜಿಲ್ಲೆಯ ಒಂದು ರೈತ ತರಬೇತಿ ಕೇಂದ್ರದಲ್ಲಿ ತೋಟಗಾರಿಕೆ ವಿಷಯ ತಜ್ಞೆಯಾಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಬೇಸಿಗೆಯ ಟೊಮೆಟೊ ಬೆಳೆಗೆ ಉಪಕಾರಿ ಸೂಕ್ಷ್ಮಾಣುಜೀವಿಗಳ ಪುಡಿಯನ್ನು ಕೊಟ್ಟು, ಗಿಡ ಬಿಸಿಲನ್ನೂ ನೀರಿನ ಕೊರತೆಯನ್ನೂ ಎಷ್ಟು ತಾಳಿಕೊಳ್ಳುತ್ತದೆ ಎಂದು ರೈತರ ಹೊಲದಲ್ಲೇ ನೋಡುವ ಕೆಲಸ ಅದು.

ನೀರು ಸಾಲದಾದಾಗ ಗಿಡ ತನ್ನೊಳಗೆ ಎಥಿಲೀನ್ ಎಂಬ ಅನಿಲವನ್ನು ತಯಾರಿಸುತ್ತದೆ. ಅದು ಹೆಚ್ಚಾದರೆ ಹೂವು ಉದುರುತ್ತದೆ. ಬೇರಿನ ಸುತ್ತ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಎಥಿಲೀನ್ ಆಗುವ ಮೂಲವಸ್ತುವನ್ನೇ ತಿಂದು ಗಿಡದ ಸಂಕಟವನ್ನು ತಗ್ಗಿಸುತ್ತವೆ. ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬೇರನ್ನು ಕೊಳೆರೋಗದಿಂದ ಕಾಯುತ್ತದೆ, ಬೇರು ಹರಡಲೂ ನೆರವಾಗುತ್ತದೆ. ನಮ್ಮ ಪುಡಿಯಲ್ಲಿ ಇವೆರಡೂ ಇದ್ದವು. ಸಸಿಯ ಬೇರನ್ನು ಪುಡಿ ಕಲಸಿದ ನೀರಿನಲ್ಲಿ ಅದ್ದಿ ನಾಟಿ ಮಾಡುವುದು, ಆಮೇಲೆ ಪುಡಿ ಬೆರೆಸಿ ಮಾಗಿಸಿದ ಕೊಟ್ಟಿಗೆ ಗೊಬ್ಬರವನ್ನು ಬುಡಕ್ಕೆ ಹಾಕುವುದು, ಇಷ್ಟೇ ಕ್ರಮ.

ತಾಲ್ಲೂಕಿಗೆ ಒಂದರಂತೆ ಹೊಲ ಆರಿಸಿದೆವು. ಆ ವರ್ಷ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಹೊಲದಲ್ಲಾಗಲಿ, ಹೊನ್ನಾಳಿ, ನ್ಯಾಮತಿಯ ಹೊಲಗಳಲ್ಲಾಗಲಿ ನೀರಿಗೆ ತೊಂದರೆಯಾಗಲಿಲ್ಲ. ಗಿಡಕ್ಕೆ ಸಂಕಟವೇ ಇಲ್ಲದಿದ್ದರೆ ಸೂಕ್ಷ್ಮಾಣುಗಳು ಏನು ಮಾಡಿದವೆಂದು ತಿಳಿಯುವುದು ಕಷ್ಟ. ಹೀಗಾಗಿ ಪ್ರಯೋಗದ ಭಾರವೆಲ್ಲ ಜಗಳೂರು ತಾಲ್ಲೂಕಿನ ಬಿಳಿಚೋಡಿನ ಒಂದೇ ಹೊಲದ ಮೇಲೆ ಬಿತ್ತು. ಅದು ಕೊಟ್ರೇಶಪ್ಪನವರದು. ಅವರ ಕೊಳವೆಬಾವಿ ಬೇಸಿಗೆಯಲ್ಲಿ ಸ್ವಲ್ಪ ಹೊತ್ತು ನೀರೆತ್ತಿ ನಿಂತುಬಿಡುತ್ತಿತ್ತು.

ಕೊಟ್ರೇಶಪ್ಪ ಉತ್ಸಾಹಿ. ಕೇಂದ್ರದ ತರಬೇತಿಗಳಿಗೆ ತಪ್ಪದೆ ಬರುತ್ತಿದ್ದವರು. ಅವರ ಹೊಲದಲ್ಲಿ ಕೆಲವು ಸಾಲುಗಳಿಗೆ ಪುಡಿ ಕೊಟ್ಟು, ನಡುನಡುವೆ ಕೆಲವನ್ನು ಏನೂ ಕೊಡದೆ ಹೋಲಿಕೆಗೆಂದು ಬಿಟ್ಟೆವು. ಬಿಟ್ಟ ಸಾಲಿನ ತಲೆಗೆ ಕೆಂಪು ಬಣ್ಣ ಬಳಿದ ಗೂಟ ನೆಟ್ಟೆವು. ಆ ಸಾಲುಗಳು ಸೊರಗಿದರೂ ಸೊರಗಲಿ, ಪುಡಿಯ ಗುಣ ಗೊತ್ತಾಗುವುದೇ ಅವುಗಳಿಂದ ಎಂದು ಅವರಿಗೆ ಬಿಡಿಸಿ ಹೇಳಿದೆ. ಅವರ ಹೆಂಡತಿ ಗಂಗಮ್ಮ ದೂರದಲ್ಲಿ ಡ್ರಿಪ್ ಪೈಪು ಸರಿಮಾಡುತ್ತಿದ್ದರು.

ಮಾರ್ಚ್ ತಿಂಗಳ ಕೊನೆಗೆ ಹೋದಾಗ ಬಿಸಿಲು ಸುಡುತ್ತಿತ್ತು. ಅಕ್ಕಪಕ್ಕದ ಹೊಲಗಳ ಟೊಮೆಟೊ ಬಾಡಿ ಜೋತುಬಿದ್ದಿತ್ತು. ಕೊಟ್ರೇಶಪ್ಪನವರ ಹೊಲ ಮಾತ್ರ ಹಸಿರಾಗಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಕೆಂಪು ಗೂಟದ ಸಾಲುಗಳೂ ಅಷ್ಟೇ ಹಸಿರಾಗಿದ್ದವು. ಹೂವು ಎಣಿಸಿದೆ, ಕಾಯಿ ಎಣಿಸಿದೆ. ಪುಡಿ ಕೊಟ್ಟದ್ದಕ್ಕೂ ಕೊಡದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಹೀಗೆಯೇ ವರದಿ ಕೊಟ್ಟರೆ ಪುಡಿಯಿಂದ ಪ್ರಯೋಜನವಿಲ್ಲ ಎಂದೇ ಅರ್ಥ. ಪ್ರಯೋಗ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಕ್ಕದ ಹೊಲ ಬಾಡಿರುವಾಗ ಇಲ್ಲಿ ಮಾತ್ರ ಏನೂ ಪಡೆಯದ ಗಿಡ ಹೇಗೆ ನಿಂತಿತು? ಎರಡೂ ಬಗೆಯ ಸಾಲುಗಳಿಂದ ಬೇರಿನ ಮಣ್ಣು ತಂದು ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದೆವು. ಟ್ರೈಕೋಡರ್ಮಾ ಬೆಳೆದರೆ ತಟ್ಟೆ ಹಸಿರಾಗುತ್ತದೆ. ಅದು ಯಾವ ಹೊಲದ ಮಣ್ಣಿನಲ್ಲೂ ಅಷ್ಟಿಷ್ಟು ಇರುವುದು ಸಹಜವೇ. ಇಲ್ಲಿ ಮಾತ್ರ ಎರಡೂ ಕಡೆಯ ತಟ್ಟೆಗಳು ಒಂದೇ ಸಮನೆ ದಟ್ಟ ಹಸಿರಾಗಿದ್ದವು. ನೀರಿನ ಜೊತೆ ಹರಿದುಹೋಗಿರಬಹುದೇ ಎಂದು ಮೊದಲು ಯೋಚಿಸಿದೆ. ಡ್ರಿಪ್‌ನಲ್ಲಿ ಹನಿ ಹನಿಯಾಗಿ ಬೀಳುವ ನೀರು ಅಷ್ಟು ದೂರ ಹರಿಯುವುದಿಲ್ಲ.

ಮತ್ತೆ ಬಿಳಿಚೋಡಿಗೆ ಹೋದೆ. ಕೊಟ್ರೇಶಪ್ಪ ಜಗಳೂರಿಗೆ ಹೋಗಿದ್ದರು. ಗಂಗಮ್ಮ ಬೇವಿನ ಮರದ ನೆರಳಲ್ಲಿ ಗೊಬ್ಬರದ ಗುಡ್ಡೆಗೆ ಹೊದಿಸಿದ್ದ ಗೋಣಿಚೀಲಕ್ಕೆ ನೀರು ಚಿಮುಕಿಸುತ್ತಿದ್ದರು. ಪುಡಿ ಬೆರೆಸಿ ಮಾಗಿಸಲು ನಾವೇ ಹೇಳಿಕೊಟ್ಟ ಗೊಬ್ಬರ ಅದು.

“ಗಂಗಮ್ಮಾರೇ, ಕೆಂಪು ಗೂಟದ ಸಾಲಿಗೂ ಈ ಗೊಬ್ಬರ ಹೋಗಿದೆಯೇನ್ರೀ?” ಎಂದು ನೇರವಾಗಿ ಕೇಳಿದೆ.

ಅವರು ಮುಚ್ಚಿಡಲಿಲ್ಲ. “ಹೌದ್ರೀ ಮೇಡಂ, ಹಾಕೀನಿ. ಬಿಸ್ಲಿಗೆ ಒಂದಿನ ಅವು ತಲೆ ಬಗ್ಗಿಸ್ಕಂಡು ನಿಂತಿದ್ವು. ಈ ಕಡೆ ಸಾಲಿಗೆ ಉಣ್ಣಾಕೆ ಕೊಟ್ಟು, ಆ ಕಡೆ ಸಾಲಿಗೆ ಇಲ್ಲ ಅನ್ನಾಕೆ ನನ್ ಕೈಲಿ ಆಗ್ಲಿಲ್ಲ. ಎಲ್ಲಾನೂ ನಾನೇ ನೆಟ್ಟಿದ್ದಲ್ರೀ?”

“ಅದನ್ನು ಯಾಕೆ ಬಿಟ್ಟಿದ್ದೆವು ಅಂತ ಗೊತ್ತಿರಲಿಲ್ಲವೇ?”

“ಆ ಸಾಲಿಗೆ ಹಾಕಬ್ಯಾಡ ಅಂದ್ರು ನಮ್ಮನೆಯೋರು. ಯಾಕೆ ಅಂತ ನಂಗ್ಯಾರು ಹೇಳಿದ್ರು?”

ನಾನು ಗುಡ್ಡೆಯ ಪಕ್ಕದಲ್ಲೇ ಕುಳಿತೆ. ಆಮೇಲೆ, ಕೊಟ್ರೇಶಪ್ಪನವರಿಗೆ ಹೇಳಿದ್ದನ್ನೆಲ್ಲ ಅವರಿಗೆ ಮೊದಲಿನಿಂದ ಹೇಳಿದೆ. ಕೇಳಿ ಮುಗಿಸಿ ಗಂಗಮ್ಮ ಹಣೆ ಒತ್ತಿಕೊಂಡರು.

“ಅಯ್ಯೋ, ನಿಮ್ ಕೆಲ್ಸ ಕೆಡಿಸಿಬಿಟ್ನಲ್ರೀ.”

“ಬೆಳೆ ಉಳಿಸಿದ್ದೀರಿ. ಕೆಟ್ಟದ್ದು ನನ್ನ ಲೆಕ್ಕ ಅಷ್ಟೇ” ಎಂದೆ.

ಪ್ರಯೋಗಗಳ ಪರಿಶೀಲನಾ ಸಭೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಯೋಚನೆ. ಪಕ್ಕದ ಹೊಲ ಬಾಡಿತ್ತು, ಇದು ಬಾಡಲಿಲ್ಲ ಎಂದು ಬರೆದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಪಕ್ಕದ ಹೊಲದ ತಳಿ ಬೇರೆ, ನಾಟಿಯ ಹೊತ್ತು ಬೇರೆ. ಹಾಗೆ ಹೋಲಿಸುವುದು ಸರಿಯಲ್ಲವೆಂದು ನನಗೇ ಗೊತ್ತಿತ್ತು. ಸಭೆಯಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಿದೆ. ಕೆಲವರು ನಕ್ಕರು. ಹಿರಿಯ ಅಧಿಕಾರಿಯೊಬ್ಬರು ನಗಲಿಲ್ಲ.

“ಇನ್ನೊಂದು ಬೇಸಿಗೆ ಕೊಟ್ಟರೆ ಏನು ಬದಲಾಯಿಸುತ್ತೀರಿ?” ಎಂದು ಕೇಳಿದರು.

“ಕೊಡುವ ಸಾಲು, ಬಿಡುವ ಸಾಲು ಒಬ್ಬರದೇ ಹೊಲದಲ್ಲಿ ಇರುವುದಿಲ್ಲ” ಎಂದೆ. ಇನ್ನೊಂದು ಬೇಸಿಗೆ ಸಿಕ್ಕಿತು.

ಹಾಗೆ ಒಪ್ಪಿಕೊಂಡು ಬಂದೆನಾದರೂ ಏನೂ ಹಾಕದೆ ಬೆಳೆಯುವವರನ್ನು ಹುಡುಕಬೇಕಲ್ಲ. ದಾರಿ ತೋರಿಸಿದ್ದು ಗಂಗಮ್ಮ. ಅವರ ಬದುವಿನಾಚೆಯ ಹೊಲ ತಿಪ್ಪೇಸ್ವಾಮಿ ಎಂಬುವವರದು. ಇಂಥ ಪುಡಿಗಳನ್ನು ಕಂಡರೆ ಅವರಿಗೆ ತಾತ್ಸಾರ.

“ಪುಡಿ ಗಿಡಿ ನಂಗೆ ಬ್ಯಾಡ್ರೀ. ಎಣಿಸ್ಕಂಡು ಹೋಗಾಕೆ ಬೇಕಾದ್ರೆ ಬರ್ರಿ” ಎಂದರು. ನನಗೆ ಬೇಕಾಗಿದ್ದವರು ಅಂಥವರೇ. ಪುಡಿ ಬೇಡವೆನ್ನುವವರಿಗೆ ಪುಡಿ ಕೊಡದಿದ್ದರೆ ಏನನ್ನೂ ಕಸಿದುಕೊಂಡಂತಾಗುವುದಿಲ್ಲ. ಎರಡು ಹೊಲದ ಮಣ್ಣು ಪೂರ್ತಿ ಒಂದೇ ಇರುವುದಿಲ್ಲವಾದ್ದರಿಂದ ಜಗಳೂರು ತಾಲ್ಲೂಕಿನಲ್ಲೇ ಇಂಥ ಇನ್ನೂ ಕೆಲವು ಜೋಡಿಗಳನ್ನು ಹುಡುಕಿದೆವು. ಪ್ರತಿ ಜೋಡಿಗೂ ಒಂದೇ ನರ್ಸರಿಯ ಸಸಿ ಕೊಟ್ಟು, ಒಂದೇ ದಿನ ನಾಟಿ ಮಾಡಿಸಿದೆವು.

ಆ ಬೇಸಿಗೆ ಹಿಂದಿನದಕ್ಕಿಂತ ಕಠಿಣವಾಗಿತ್ತು. ತಿಪ್ಪೇಸ್ವಾಮಿಯವರ ಗಿಡಗಳ ಕೆಳಗೆ ಹೂವು ಉದುರಿ ಹಳದಿಯಾಗಿ ಬಿದ್ದಿರುತ್ತಿತ್ತು. ಗಂಗಮ್ಮನ ಗಿಡಗಳೂ ಮಧ್ಯಾಹ್ನ ಬಾಡುತ್ತಿದ್ದವು, ಸಂಜೆಗೆ ಚೇತರಿಸಿಕೊಳ್ಳುತ್ತಿದ್ದವು. ಒಂದು ದಿನ ನನಗೇ ತಡೆಯದೆ, “ಬೇಕಿದ್ದರೆ ನೀವೂ ಪುಡಿ ಹಾಕಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ” ಎಂದೆ ತಿಪ್ಪೇಸ್ವಾಮಿಗೆ.

“ಬ್ಯಾಡ್ರೀ. ನಿಮ್ ಎಣಿಕೆ ಮುಗೀಲಿ. ನಂಗೂ ನೋಡಾಕೆ ಬೇಕಾಗೈತೆ” ಎಂದರು. ಬದುವಿನ ಮೇಲೆ ನಿಂತಿದ್ದ ಗಂಗಮ್ಮ ಅದನ್ನು ಕೇಳಿ ತಮ್ಮ ಸಾಲುಗಳತ್ತ ತಿರುಗಿದರು. ಆ ವರ್ಷ ಅವರ ಗೊಬ್ಬರ ಬದು ದಾಟಲಿಲ್ಲ.

ಪುಡಿ ಕೊಟ್ಟ ಬಹುತೇಕ ಹೊಲಗಳಲ್ಲಿ ಹೆಚ್ಚು ಹೂವು ಕಾಯಿ ಕಚ್ಚಿತ್ತು. ಪವಾಡವೇನೂ ಆಗಲಿಲ್ಲ. ಎರಡೂ ಹೊಲಗಳ ಕೊಳವೆಬಾವಿ ಪೂರ್ತಿ ಕೈಕೊಟ್ಟ ಮೇಲೆ ಗಂಗಮ್ಮನ ಗಿಡಗಳೂ ಒಣಗಿ, ಕೊನೆಯ ಕೊಯ್ಲು ಇಬ್ಬರಿಗೂ ಸಿಗಲಿಲ್ಲ. ಸೂಕ್ಷ್ಮಾಣುಗಳು ಇರುವ ನೀರಿನಲ್ಲಿ ಗಿಡವನ್ನು ಇನ್ನಷ್ಟು ದಿನ ನಿಲ್ಲಿಸಬಲ್ಲವು, ಇಲ್ಲದ ನೀರನ್ನು ತರಲಾರವು. ವರದಿಯಲ್ಲಿ ಎರಡನ್ನೂ ಬರೆದೆ. ಮಳೆಗಾಲಕ್ಕೆ ಮೊದಲು ತಿಪ್ಪೇಸ್ವಾಮಿ ಕೇಂದ್ರಕ್ಕೇ ಬಂದು, ಮೆಣಸಿನಕಾಯಿ ಸಸಿಗೆ ಪುಡಿ ಬೇಕೆಂದು ಕೇಳಿ ಒಯ್ದರು.

ಪ್ರಯೋಗದ ಹೊಲವೆಂದರೆ ಕಾಗದದ ಮೇಲೆ ನನಗೆ ಸಾಲುಗಳು, ಸಂಖ್ಯೆಗಳು. ಅದೇ ಹೊಲದಲ್ಲಿ ದಿನವೂ ನಿಲ್ಲುವವರಿಗೆ ಅದು ಬೇರೆಯೇ. ಆಮೇಲಿನ ವರ್ಷಗಳಲ್ಲಿ ಹೊಸ ಹೊಲ ನೋಡಲು ಹೋದಾಗ ಮಣ್ಣು, ನೀರು, ತಳಿಗಳ ವಿಚಾರಕ್ಕೆ ಮೊದಲು ಒಂದು ಮಾತು ಕೇಳುವ ರೂಢಿ ಮಾಡಿಕೊಂಡೆ. ಸಂತೇಬೆನ್ನೂರಿನ ರೈತರೊಬ್ಬರಲ್ಲೂ ಹಾಗೆಯೇ ಕೇಳಿದೆ.

“ಗಿಡಕ್ಕೆ ನೀರು ಬಿಡೋರು ಯಾರು?”

“ನಮ್ಮವ್ವ. ಯಾಕ್ರೀ ಮೇಡಂ?”

“ಹಾಗಾದರೆ ಅವರೂ ಬರಲಿ, ಆಮೇಲೆ ಮಾತಾಡೋಣ” ಎಂದೆ. ಅವರು ಒಳಗಿನಿಂದ ಇನ್ನೊಂದು ಮಣೆ ತಂದು ಹಾಕಿದರು. ಅವರ ತಾಯಿ ಕೊಟ್ಟಿಗೆಯಿಂದ ಕೈತೊಳೆದು ಬರುವವರೆಗೆ ನಾನು ಪುಡಿಯ ಚೀಲ ಬಿಚ್ಚಲಿಲ್ಲ.