ಕೀಬೋರ್ಡ್ ಒರೆಸಿದ ಪುಟ್ಟಮ್ಮ

ಕಂಪ್ಯೂಟರ್ ಕೆಟ್ಟು ನಿಂತಾಗ ಆ ಕ್ಷಣದ ಮೆಮೊರಿಯನ್ನೆಲ್ಲ ಒಂದು ಫೈಲಿಗೆ ಸುರಿದಿಡುತ್ತದೆ. ಅದನ್ನು ಓದಿ ಕಾರಣ ಹೇಳುವುದು ನನ್ನ ಕೆಲಸ. ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಹೋದಾಗ ಮ್ಯಾನೇಜರ್ ಕಾರಣವನ್ನು ಮೊದಲೇ ಹಿಡಿದು ನಿಲ್ಲಿಸಿದ್ದರು: ತಾಂಡವಪುರದಿಂದ ಕಸ ಗುಡಿಸಲು ಬರುತ್ತಿದ್ದ ಪುಟ್ಟಮ್ಮ.

"ಇವಳು ಕೀಬೋರ್ಡ್ ಒರೆಸುವಾಗಲೇ ಕಂಪ್ಯೂಟರ್ ನಿಂತುಹೋಯ್ತು. ನೀವು ಹೂಂ ಅಂದ್ರೆ ಇವತ್ತೇ ಮನೆಗೆ ಕಳಿಸ್ತೀನಿ."

ಫೈಲು ತೆರೆದೆ. ಕೊನೆಗೆ ಓಡುತ್ತಿದ್ದದ್ದು ಕೀಬೋರ್ಡ್ ನೋಡಿಕೊಳ್ಳುವ ಪ್ರೋಗ್ರಾಮೇ. ಬಾಗಿಲ ಬಳಿಯಿಂದ ಪುಟ್ಟಮ್ಮ ಮೆಲ್ಲಗೆ ಕೇಳಿದಳು, "ಸಾ, ಅದ್ರೊಳ್ಗೆ ನನ್ ಎಸ್ರು ಬಂದದಾ?"

"ಇಲ್ಲಮ್ಮ, ಬರೀ ಅಡ್ರೆಸ್ಸುಗಳಿವೆ."

"ಅಯ್ಯೋ ಸಾ, ನಮ್ಮನೆ ಅಡ್ರೆಸ್ಸಾ?"

ಅವು ಕಂಪ್ಯೂಟರನ್ನು ನಡೆಸುವ ಕರ್ನಲ್ ಎಂಬ ಮೂಲ ಪ್ರೋಗ್ರಾಮು ಮೆಮೊರಿಯ ಜಾಗಗಳಿಗೆ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಅಡ್ರೆಸ್ಸುಗಳು. ನಿಜವಾದ ಮೆಮೊರಿಯಲ್ಲಿ ಕೀಬೋರ್ಡ್ ಪ್ರೋಗ್ರಾಮಿನ ಜಾಗ ಎಲ್ಲಿದೆಯೆಂದು ಕೋಷ್ಟಕ ಹಿಡಿದು ಹುಡುಕಬೇಕು. ಒಂದು ಅಂಕಿ ತಪ್ಪಿದರೂ ಅವಳ ಅನ್ನ ಹೋಗುತ್ತದೆಂಬ ಹೆದರಿಕೆಯಲ್ಲಿ ಮತ್ತೆ ಮತ್ತೆ ಲೆಕ್ಕ ಹಾಕಿದೆ. ಪ್ರತಿ ಸಲವೂ ಒಂದೇ ಜಾಗ ಬಂತು. ಹೊಸದಾಗಿ ಹಾಕಿಸಿದ್ದ ನೆಟ್‌ವರ್ಕ್ ಕಾರ್ಡು ಆ ಜಾಗವನ್ನೂ ತನ್ನದೆಂದುಕೊಂಡು ಅದರ ಮೇಲೆ ಬರೆದುಬಿಟ್ಟಿತ್ತು. ಕೀಬೋರ್ಡಿನದು ಏನೂ ತಪ್ಪಿರಲಿಲ್ಲ, ಪುಟ್ಟಮ್ಮನದೂ ಇರಲಿಲ್ಲ.

ಮ್ಯಾನೇಜರಿಗೆ ಹೇಳಿದೆ. ಅವರು ಮುಖ ಗಂಟು ಹಾಕಿಕೊಂಡು, "ಹೋಗು, ಕೆಲಸ ನೋಡು" ಎಂದು ಅವಳನ್ನು ಕಳಿಸಿದರು. ಅವಳು ನನ್ನತ್ತ ಕೈಮುಗಿದು ಓಡಿಯೇ ಹೋದಳು.

ಮುಂದೆ ಒಮ್ಮೆ ಹೋದಾಗ ಆ ಕೋಣೆಯೆಲ್ಲ ಥಳಥಳ ಹೊಳೆಯುತ್ತಿತ್ತು. ಕಂಪ್ಯೂಟರಿನ ಮೇಲೆ ಮಾತ್ರ ಧೂಳು ಗಟ್ಟಿಯಾಗಿ ಕೂತಿತ್ತು. ಒರೆಸೋಣವೆಂದು ಬಟ್ಟೆ ಕೇಳುವ ಧೈರ್ಯ ನನಗೂ ಬರಲಿಲ್ಲ.